ಅಂಟಿಸಿದ್ದನ್ನು ಓದುವುದು ಹೇಗೆ?

ಶಾಲೆಯಲ್ಲಿ ಮಾಡಿಸುವ ಸ್ಕ್ರ್ಯಾಪ್ ಬುಕ್ಕಿಗೆ ಎಲ್ಲೂ ಬರೆದಿಡದ ಒಂದು ವ್ಯಾಕರಣವಿದೆ. ಅಂಗಡಿಯ ಚಾರ್ಟಿನಿಂದ ಚಿತ್ರ ಕತ್ತರಿಸಬೇಕು, ಹಾಳೆಗೊಂದರಂತೆ ಅಂಟಿಸಬೇಕು, ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆಯಬೇಕು. ಹಕ್ಕಿಗಳ ನಡುವೆ ರಾಷ್ಟ್ರನಾಯಕರು ಬರಕೂಡದು. ಸಂಶೋಧನೆಗೆ ಬಂದ ಮೇಲೆ ನಾವು ಕಲಿಯುವುದೂ ಹೆಚ್ಚು ಕಡಿಮೆ ಇದೇ ವ್ಯಾಕರಣ: ಮೂಲ ಯಾವುದು, ದಿನಾಂಕ ಏನು, ಯಾವ ಗುಂಪಿಗೆ ಸೇರಿದ್ದು. ಈ ಮೂರಕ್ಕೂ ಉತ್ತರ ಕೊಡದ ಪುಸ್ತಕವೊಂದು ಎದುರಿಗೆ ಬಂದರೆ ಅದನ್ನು ಪಠ್ಯವೆಂದು ಓದಬಹುದೇ ಎಂಬುದು ನನ್ನ ಪ್ರಶ್ನೆ.

ನನ್ನ ಕಣ್ಣ ಮುಂದಿರುವುದು ಕುಷ್ಟಗಿ ತಾಲ್ಲೂಕಿನ ಹನುಮಸಾಗರದಲ್ಲಿ ನಮ್ಮ ದೊಡ್ಡವ್ವ ಮಾಡಿಟ್ಟಿರುವ ಪುಸ್ತಕ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಕಿರಾಣಿ ಅಂಗಡಿಯ ಹಳೆಯ ಉದ್ರಿ ಪುಸ್ತಕಕ್ಕೆ ಮೈದಾ ಹಿಟ್ಟು ಕುದಿಸಿದ ಅಂಟು ಹಚ್ಚಿ, ಸುಮಾರು ಮೂವತ್ತು ವರ್ಷ ಕಾಗದ ಅಂಟಿಸಿದ್ದಾಳೆ. ಪತ್ರಿಕೆಯ ತುಣುಕು, ಲಗ್ನಪತ್ರಿಕೆಯ ಗಣಪತಿ, ಬೀಜದ ಚೀಲದ ಮೇಲಿನ ಸೂರ್ಯಕಾಂತಿ, ಬಸ್ ಟಿಕೆಟ್ಟು, ದಿನಕ್ಕೊಂದು ಹರಿಯುವ ಕ್ಯಾಲೆಂಡರಿನ ಹಾಳೆ. ವಾರಪತ್ರಿಕೆಯ ಧಾರಾವಾಹಿಗಳಿಂದ ಚಿತ್ರ ಮಾತ್ರ ಕತ್ತರಿಸಿಕೊಂಡು ಕತೆಯನ್ನು ಒಲೆಗೆ ಹಾಕಿದ್ದಾಳೆ. ದಿನಾಂಕ ಇರುವ ಅಂಚನ್ನಂತೂ ಹುಡುಕಿ ಹುಡುಕಿ ಕತ್ತರಿಸಿದಂತಿದೆ.

ಎರಡು ಪುಟ ಹೇಳುತ್ತೇನೆ. ಒಂದರಲ್ಲಿ ಬಂಗಾರದ ಅಂಗಡಿಯ ಜಾಹೀರಾತಿನ ಮದುಮಗಳು, ಮೈತುಂಬ ಒಡವೆ, ನಗುಮುಖ. ಅವಳ ಎಡಕ್ಕೆ ಎರಡು ಬೆರಳಗಲ ಜಾಗ ಬಿಟ್ಟಿದ್ದು, ಅಲ್ಲಿ ಕೆಳಗಿನ ಉದ್ರಿ ಲೆಕ್ಕ ಕಾಣುತ್ತದೆ: ಬ್ಯಾಳಿ, ಚಾಪುಡಿ, ಸಕ್ಕರಿ, ಮತ್ತೆ ಸಕ್ಕರಿ. ನಾನು ಇದನ್ನು ಕಂಡು ಎಷ್ಟು ಉಬ್ಬಿದೆನೆಂದರೆ, ವ್ಯಂಗ್ಯ, ವರ್ಗಪ್ರಜ್ಞೆ ಎಂದೆಲ್ಲ ಟಿಪ್ಪಣಿ ಬರೆದುಕೊಂಡೇ ಅವಳನ್ನು ಕೇಳಿದ್ದು. "ಜಾಗಾ ಅಷ್ಟ ಇತ್ತು, ಅಂಟಿಸಿದೆ" ಎಂದಳು. ಇನ್ನೊಂದು ಪುಟದಲ್ಲಿ ಕೃಷ್ಣೆಯ ನೀರು ನಮ್ಮ ಕಡೆಗೆ ಬರುತ್ತದೆಂಬ ಸುದ್ದಿಗಳು. ಕೊಪ್ಪಳ ಏತ ನೀರಾವರಿಯ ಭರವಸೆ ಈ ಸೀಮೆಯವರಿಗೆ ಹೊಸದಲ್ಲ; ಪ್ರತಿ ಚುನಾವಣೆಗೂ ಅದು ಹೊಸದಾಗುತ್ತದೆ. ದೊಡ್ಡವ್ವ ಈ ತುಣುಕುಗಳನ್ನು ಪಕ್ಕಪಕ್ಕ ಇಟ್ಟಿಲ್ಲ. ಒಂದರ ಮೇಲೊಂದು ಅಂಟಿಸಿದ್ದಾಳೆ. ಹಾಳೆ ಹಪ್ಪಳದಂತೆ ದಪ್ಪಗಾಗಿದೆ, ಓದಲಿಕ್ಕೆ ಸಿಗುವುದು ಕೊನೆಯ ಸುದ್ದಿ ಮಾತ್ರ, ಸುತ್ತ ಹಳೆಯವುಗಳ ಅಂಚು. ಕೇಳಿದರೆ ಇಲ್ಲಿ ಉತ್ತರ ಸಿದ್ಧವಿತ್ತು. "ಹೊಸಾ ಮಾತು ಹೇಳಿ ಹಳೇದನ್ನ ಮುಚ್ಚತಾರಲ್ಲ ತಮ್ಮಾ, ನಾನೂ ಹಂಗ ಮುಚ್ಚೀನಿ."

ಒಂದು ಪುಟದಲ್ಲಿ ಉದ್ದೇಶವಿಲ್ಲ, ಇನ್ನೊಂದರಲ್ಲಿ ಢಾಳಾಗಿದೆ. ಆದರೆ ಓದುಗರಾಗಿ ನಮ್ಮ ಮೇಲೆ ಎರಡೂ ಕೆಲಸ ಮಾಡುವ ಬಗೆ ಒಂದೇ. ಒಂದು ಕಾಗದ ತನ್ನ ಜಾಗದಿಂದ ಕಿತ್ತು ಬಂದು, ತನಗೆ ಸಂಬಂಧವಿಲ್ಲದ ಇನ್ನೊಂದರ ನೆರೆಯಲ್ಲಿ ಕೂತಾಗ ಎರಡರ ಅರ್ಥವೂ ಬದಲಾಗುತ್ತದೆ. ಹಾಗಾಗಿ ಇಲ್ಲಿ ಕತ್ತರಿ ಹಿಡಿಯುವುದೆಂದರೆ ಓದುವುದೇ. ಈ ಪುಸ್ತಕದ ಬಗ್ಗೆ ಮಾತಾಡಿದಾಗ ಹಿರಿಯರೊಬ್ಬರು, ತುಣುಕುಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿ ಕಾಲಾನುಕ್ರಮದಲ್ಲಿ ಜೋಡಿಸಿದರೆ ಒಳ್ಳೆಯ ಆಕರವಾಗುತ್ತದೆ ಎಂದು ಸಲಹೆ ಕೊಟ್ಟರು. ಹಾಗೆ ಮಾಡಿದರೆ ಏತ ನೀರಾವರಿಯ ಇತಿಹಾಸಕ್ಕೆ ಒಂದಿಷ್ಟು ದಾಖಲೆ ಸಿಕ್ಕೀತು, ನಿಜ. ಅದು ಪತ್ರಿಕಾ ಕಚೇರಿಯ ಹಳೆಯ ಸಂಚಿಕೆಗಳಲ್ಲೂ ಸಿಗುತ್ತದೆ. ಮುಚ್ಚಿದ ಕ್ರಿಯೆ ಮಾತ್ರ ಆ ಒಂದು ಹಾಳೆ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ.

ಕನ್ನಡದ ವಿದ್ಯಾರ್ಥಿಗೆ ಈ ವಾದ ವಿಚಿತ್ರವಾಗಿ ಕಾಣಬೇಕಿಲ್ಲ. ನಾವೆಲ್ಲ ಪರೀಕ್ಷೆಗೆ ಓದಿದ 'ಶೂನ್ಯಸಂಪಾದನೆ'ಯನ್ನು ನೋಡಿ. ಹನ್ನೆರಡನೆಯ ಶತಮಾನದ ಶರಣರು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕಾರಣಕ್ಕೆ ಆಡಿದ ಬಿಡಿ ವಚನಗಳನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಎತ್ತಿಕೊಂಡು, ಅಲ್ಲಮನನ್ನು ನಡುವೆ ಕೂರಿಸಿ, ಪ್ರಶ್ನೆ ಉತ್ತರಗಳಾಗಿ ಹೊಂದಿಸಿದ. ಅಕ್ಕಮಹಾದೇವಿ ಒಬ್ಬಳೇ ಚೆನ್ನಮಲ್ಲಿಕಾರ್ಜುನನಿಗೆ ಹೇಳಿಕೊಂಡದ್ದು ಇಲ್ಲಿ ಕಲ್ಯಾಣದ ಸಭೆಯಲ್ಲಿ ಅಲ್ಲಮನಿಗೆ ಕೊಟ್ಟ ಜವಾಬಾಗುತ್ತದೆ. ಆಮೇಲೆ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇದನ್ನೇ ಮತ್ತೆ ಮತ್ತೆ ಬಿಚ್ಚಿ ಜೋಡಿಸಿದರು. ಒಬ್ಬನಿಗೆ ಸಿದ್ಧರಾಮನ ದೀಕ್ಷೆಯ ಪ್ರಸಂಗ ಬೇಕೆನಿಸಿತು, ಸೇರಿಸಿದ. ಇನ್ನೊಬ್ಬ ಗೋರಕ್ಷನನ್ನು ಕರೆತಂದ. ಪ್ರತಿ ಜೋಡಣೆಯೂ ಹಿಂದಿನದರ ವಿಮರ್ಶೆ. ಮೂಲಸಂದರ್ಭಕ್ಕೆ ನಿಷ್ಠರಾಗಿರಬೇಕೆಂಬ ಇಂದಿನ ಸಂಪಾದಕರ ನಿಯಮವನ್ನು ಅವರಿಗೆ ಅನ್ವಯಿಸಿದರೆ ನಾಲ್ವರೂ ನಪಾಸು.

ಇಪ್ಪತ್ತನೆಯ ಶತಮಾನದಲ್ಲಿ ಅವೇ ವಚನಗಳ ಜೋಡಣೆ ಮತ್ತೆ ಬದಲಾಯಿತು. ವಿಜಯಪುರದಲ್ಲಿ ವಕೀಲಿ ಮಾಡುತ್ತ ತಾಡೋಲೆ ಕೂಡಿಹಾಕಿದ ಫ.ಗು. ಹಳಕಟ್ಟಿಯವರು 1923ರ 'ವಚನಶಾಸ್ತ್ರಸಾರ'ದಲ್ಲಿ ಅವನ್ನು ವಿಷಯವಾರು ವಿಂಗಡಿಸಿದರು. 1993ರಲ್ಲಿ ಸರ್ಕಾರ ಹೊರತಂದ 15 ಸಂಪುಟಗಳ 'ಸಮಗ್ರ ವಚನ ಸಂಪುಟ' ಕರ್ತೃವಾರು ಜೋಡಿಸಿತು. ಇವತ್ತು ನಮಗೆ ಸಹಜವೆನಿಸುವುದು ಈ ಕೊನೆಯ ಕ್ರಮ. ಆದರೆ ಕರ್ತೃವಾರು ಜೋಡಣೆಯಲ್ಲಿ ಅಕ್ಕ ಅಲ್ಲಮರು ಎದುರುಬದುರು ಕೂರುವುದಿಲ್ಲ. ಆ ಕಾವು ಬೇಕಾದರೆ ನಿಯಮ ಮುರಿದವರ ಬಳಿಗೇ ಹೋಗಬೇಕು.

ಹೊರಗಿನ ಎರಡು ಉದಾಹರಣೆ ಇದಕ್ಕೆ ಸೇರುತ್ತವೆ. ಥಾಮಸ್ ಜೆಫರ್ಸನ್ ಚೂರಿ ಹಿಡಿದು ಬೈಬಲಿನಿಂದ ಯೇಸುವಿನ ಬೋಧೆಗಳನ್ನು ಕತ್ತರಿಸಿ, ಪವಾಡಗಳನ್ನು ಬಿಟ್ಟು, 1820ರ ಹೊತ್ತಿಗೆ ತನ್ನದೇ ಪುಸ್ತಕ ಅಂಟಿಸಿಕೊಂಡ. ಅವನ ಟೀಕೆಯೆಲ್ಲ ಏನನ್ನು ಬಿಟ್ಟ ಎಂಬುದರಲ್ಲಿದೆ. ಮಾರ್ಕ್ ಟ್ವೇನ್ 1873ರಲ್ಲಿ, ಹಾಳೆಗೆ ಮೊದಲೇ ಅಂಟು ಸವರಿದ ಸ್ಕ್ರ್ಯಾಪ್ ಬುಕ್ಕಿಗೆ ಪೇಟೆಂಟ್ ಪಡೆದ. ನೀರು ಸವರಿದರೆ ಸಾಕು. ಅನುಕೂಲವೇ, ಆದರೆ ಹಾಳೆಯಲ್ಲಿ ಅಂಟು ಎಲ್ಲಿರಬೇಕೆಂಬುದನ್ನು ಅಲ್ಲಿ ಕಾರಖಾನೆ ತೀರ್ಮಾನಿಸಿತು.

ಈಗ ಆನ್‌ಲೈನಿನಲ್ಲಿ ಮಾರುವ ಜರ್ನಲ್ ಕಿಟ್ಟುಗಳು ಆ ದಾರಿಯ ಮುಂದಿನ ನಿಲ್ದಾಣ. ಅಂಚು ಹರಿದಂತೆ ಅಚ್ಚಾದ ಕಾಗದ, ಚಹಾ ಚೆಲ್ಲಿದಂತೆ ಕಾಣುವ ಸ್ಟಿಕ್ಕರು, ಎಂದೂ ಯಾರೂ ಹತ್ತದ ರೈಲಿನ ಟಿಕೆಟ್ಟು. ನಿಯಮ ಮುರಿಯಿರಿ ಎಂಬ ಕರೆಯೂ ಪೊಟ್ಟಣದಲ್ಲೇ ಬರುತ್ತದೆ. ಯಾವ ಕಾಗದವೂ ಎಲ್ಲಿಂದಲೂ ಕಿತ್ತು ಬಂದಿರುವುದಿಲ್ಲವಾದ್ದರಿಂದ ಇಲ್ಲಿ ಮುರಿಯಲು ಏನೂ ಇಲ್ಲ ಎಂಬುದು ನನ್ನ ತಕರಾರು.

ಇಂಥ ಚರ್ಚೆ ಬಂದಾಗಲೆಲ್ಲ ಕೌದಿಯ ರೂಪಕವನ್ನು ಎಳೆದು ತರುವುದು ನಮ್ಮ ವಿಮರ್ಶೆಯ ಚಾಳಿ; ಇಳಕಲ್ ಸೀರೆಯ ಸೀಮೆಯವನಾದ ನನಗೂ ಆ ಆಸೆ ಆಗದಿರಲಿಲ್ಲ. ಆದರೆ ಕೌದಿಗೆ ಹೊದ್ದುಕೊಳ್ಳುವ ಹಂಗಿದೆ. ತುಂಡು ಎಷ್ಟೇ ಅಡ್ಡಾದಿಡ್ಡಿಯಾಗಿರಲಿ, ಒಟ್ಟು ಚಳಿ ತಡೆಯಲೇಬೇಕು. ಅಂಟಿಸಿದ ಪುಟಕ್ಕೆ ಆ ಜವಾಬ್ದಾರಿ ಇಲ್ಲ, ಅದಕ್ಕೇ ಅದು ಸೋಲುವುದೂ ಸುಲಭ. ದೊಡ್ಡವ್ವನ ಪುಸ್ತಕದಲ್ಲೂ ಅರ್ಧಕ್ಕಿಂತ ಹೆಚ್ಚು ಪುಟಗಳು ಬರೀ ಕೂಡಿಹಾಕಿದವು: ಸಾಲುಸಾಲು ಸಿನಿಮಾ ನಟಿಯರು, ಒಂದೇ ರಂಗೋಲಿಯ ನಾಲ್ಕು ಪ್ರತಿ. ಅವನ್ನು ಹೊಗಳಬೇಕಿಲ್ಲ. ಜಾನಪದ ಎಂಬ ಹಣೆಪಟ್ಟಿ ಹಚ್ಚಿ ಎಲ್ಲವನ್ನೂ ಸಮಾನವಾಗಿ ಪೂಜಿಸುವುದಕ್ಕಿಂತ, ಯಾವ ಪುಟ ಓದಿದೆ, ಯಾವುದು ಬರೀ ತುಂಬಿಸಿದೆ ಎಂದು ಬೇರ್ಪಡಿಸಿ ಹೇಳುವುದೇ ಆ ಪುಸ್ತಕಕ್ಕೆ ತೋರಿಸುವ ಮರ್ಯಾದೆ.

ಮೈದಾ ಅಂಟಿನ ರುಚಿ ಕಂಡ ಹುಳುಗಳು ನೀರಾವರಿಯ ಪುಟವನ್ನು ಒಂದು ಮೂಲೆಯಿಂದ ತಿನ್ನತೊಡಗಿವೆ. ಅಲ್ಲಿ ಮೇಲಿನ ಮೂರು ಪದರ ತೂತಾಗಿ, ಇನ್ನೂ ರಾಯಚೂರು ಜಿಲ್ಲೆ ಎಂದೇ ಅಚ್ಚಾಗಿರುವ ಹಳೆಯ ತಲೆಬರಹವೊಂದು ಇಣುಕುತ್ತಿದೆ. ನನ್ನ ಪ್ರಬಂಧದ ಅನುಬಂಧದಲ್ಲಿ ಈ ಪುಟದ ವಿವರಣೆಗೆ ಕೊಟ್ಟಿರುವ ನಮೂನೆಯಲ್ಲಿ ಒಂದು ಪುಟಕ್ಕೆ ಒಂದೇ ದಿನಾಂಕದ ಕಾಲಂ ಇದೆ. ಅದನ್ನು ಸದ್ಯ ಖಾಲಿ ಬಿಟ್ಟಿದ್ದೇನೆ.