ಆಟಲೋಕಗಳ ಅನುಸೃಷ್ಟಿ: ಒಂದು ವಿಮರ್ಶೆ

ಒಂದು ಕೃತಿಯನ್ನು ಮೆಚ್ಚಿದವನು ತಲೆದೂಗಿ ಸುಮ್ಮನಾಗಬಹುದು. ನಾಲ್ವರಿಗೆ ಓದಿ ಹೇಳಬಹುದು. ಇಲ್ಲವೆ ತಾನೇ ಅದರ ಜಾಡಿನಲ್ಲಿ ಇನ್ನೊಂದನ್ನು ಕಟ್ಟಲು ತೊಡಗಬಹುದು. ಈ ಮೂರನೆಯ ಬಗೆಯ ಮೆಚ್ಚುಗೆಯನ್ನು ವಿಮರ್ಶಕರು ಬಹುಮಟ್ಟಿಗೆ ಸಂದೇಹದಿಂದಲೇ ನೋಡಿರುವರು. ಅನುಕರಣವೆಂದು ಬದಿಗೆ ಸರಿಸಿರುವರು. ಆದರೆ ಇಂದಿನ ತರುಣರು ತಾವು ಪ್ರೀತಿಸಿದ ವಿಡಿಯೋ ಗೇಮುಗಳ ಲೋಕವನ್ನು ಯಾವ ಕೂಲಿಯನ್ನೂ ಬಯಸದೆ ವರ್ಷಾನುಗಟ್ಟಲೆ ದುಡಿದು ಮತ್ತೆ ಕಟ್ಟುತ್ತಿರುವುದನ್ನು ಕಂಡ ಮೇಲೆ, ಈ ಸಂದೇಹವನ್ನೇ ಮತ್ತೊಮ್ಮೆ ಪರಿಶೀಲಿಸುವುದು ಉಚಿತವೆಂದು ನನಗೆ ತೋರಿದೆ. ಅಧ್ಯಾಪಕರ ಸ್ಮರಣ ಸಂಚಿಕೆಯಲ್ಲಿ ಆಟದ ಮಾತೇಕೆಂದು ವಾಚಕರು ಬೇಸರಪಡಬಾರದು. ವಸ್ತು ಆಟದ್ದಾದರೂ ಪ್ರಶ್ನೆ ಸಾಹಿತ್ಯದ್ದು. ಗಡಿಯಲ್ಲಿ ಕನ್ನಡ ಕಲಿಸುವ ನಮ್ಮದೂ ಹೌದು.

ನನ್ನನ್ನು ಈ ವಿಷಯಕ್ಕೆ ಎಳೆದು ತಂದವನು ಹತ್ತನೆಯ ತರಗತಿಯ ಒಬ್ಬ ಹುಡುಗ. ಮಧ್ಯಾಹ್ನದ ಬಿಡುವಿನಲ್ಲಿ ಅವನ ಕೈಯಿಂದ ಮೊಬೈಲನ್ನು ಕಿತ್ತುಕೊಂಡೆ. ಅದರಲ್ಲಿದ್ದುದು ಇಂಡೋನೇಷ್ಯದ ಮಲೆಯೊ ಸಂಸ್ಥೆ ೨೦೧೭ರಲ್ಲಿ ಹೊರತಂದ ಬಸ್ಸು ಓಡಿಸುವ ಆಟ. ದಾರಿ, ಅಂಗಡಿ, ಮರಗಳೆಲ್ಲ ಆ ದೇಶದವು. ಓಡುತ್ತಿದ್ದ ಬಸ್ಸು ಮಾತ್ರ ನಮ್ಮ ಜಹೀರಾಬಾದಿನ ನಿಲ್ದಾಣಕ್ಕೆ ಬರುವ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು. ಅದರ ನೆತ್ತಿಯ ಮೇಲೆ ‘ಬೀದರ – ಜಹೀರಾಬಾದ’ ಎಂದು ಕನ್ನಡ ಅಕ್ಷರಗಳು. ನಾಲ್ಕು ಸಂಜೆ ಕುಳಿತು ತಾನೇ ಬಣ್ಣ ಬಳಿದೆನೆಂದು ಹೇಳಿದ. “ಬೋರ್ಡು ಕನ್ನಡದಾಗ ಯಾಕೋ?” ಎಂದು ಕೇಳಿದೆ. “ಬೋರ್ಡ್ ಇಲ್ದಿದ್ರ ಅದು ನಮ್ ಬಸ್ ಹ್ಯಾಂಗ್ ಆಗ್ತದ್ರಿ ಸರ್?” ಎಂದ. ಗದರಿಸಲು ಹೋದವನು ಮೊಬೈಲನ್ನು ಹಿಂದಕ್ಕೆ ಕೊಟ್ಟೆ.

ಆಡುವವನೇ ಆಟದ ಒಳವಸ್ತುವನ್ನು ತಿದ್ದುವುದಕ್ಕೂ ಹೊಸದನ್ನು ಸೇರಿಸುವುದಕ್ಕೂ ‘ಮಾಡ್’ ಎಂದು ಹೆಸರು. ಈ ಹುಡುಗನು ಮಾಡಿದ್ದು ಅದರ ಅತಿ ಚಿಕ್ಕ ರೂಪ. ದೊಡ್ಡ ರೂಪಗಳನ್ನು ನಾನು ದಸರೆಯ ರಜೆಯಲ್ಲಿ ಹೈದರಾಬಾದಿನಲ್ಲಿರುವ ತಮ್ಮನ ಮಗನ ಮನೆಯಲ್ಲಿ ಕಂಡೆನು. ಗುಂಡು ಹಾರಿಸುವ ಆಟಗಳನ್ನು ಅವನು ಆಡಿದ, ನಾನು ನೋಡಿದೆ; ನಡೆದು ತಿರುಗುವ ಆಟದಲ್ಲಿ ನಾನೇ ನಡೆದೆ. ಮುಂದಿನ ಮಾತುಗಳಿಗೆ ಇಷ್ಟೇ ಅಧಿಕಾರ.

ಒಂದು ಕೃತಿ ಇನ್ನೊಂದನ್ನು ಹೋಲುವ ಬಗೆಯನ್ನು ಕಾಶ್ಮೀರದ ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲೇ ‘ಧ್ವನ್ಯಾಲೋಕ’ದ ಕೊನೆಯ ಉದ್ಯೋತದಲ್ಲಿ ಮೂರಾಗಿ ವಿಂಗಡಿಸಿರುವನು. ಕನ್ನಡಿಯ ಪ್ರತಿಬಿಂಬದಂತೆ ಹೋಲುವುದು ಒಂದು. ಬರೆದ ಚಿತ್ರದಂತೆ ಹೋಲುವುದು ಇನ್ನೊಂದು. ಒಬ್ಬ ಮನುಷ್ಯನನ್ನು ಮತ್ತೊಬ್ಬ ಮನುಷ್ಯನು ಹೋಲುವುದು ಮೂರನೆಯದು. ಮೊದಲೆರಡರಲ್ಲಿ ಸ್ವಂತ ಜೀವವಿಲ್ಲ, ಆದುದರಿಂದ ತ್ಯಾಜ್ಯ. ಮೂರನೆಯದು ‘ತುಲ್ಯದೇಹಿ’, ರೂಪ ಹೋಲಿದರೂ ಪ್ರಾಣ ಬೇರೆ, ಆದುದರಿಂದ ಗ್ರಾಹ್ಯ. ಆಟಲೋಕಗಳ ಅನುಸೃಷ್ಟಿಯನ್ನು ಅಳೆಯಲು ಇದಕ್ಕಿಂತ ಸರಳವಾದ ಮಾನದಂಡ ನನಗೆ ಸಿಕ್ಕಿಲ್ಲ.

ಅಮೆರಿಕದ ವಾಲ್ವ್ ಸಂಸ್ಥೆ ೧೯೯೮ರಲ್ಲಿ ‘ಹಾಫ್ ಲೈಫ್’ ಎಂಬ ಆಟವನ್ನು ಹೊರತಂದಿತು. ಬ್ಲ್ಯಾಕ್ ಮೇಸಾ ಎಂಬ ಸಂಶೋಧನಾಲಯದಲ್ಲಿ ಪ್ರಯೋಗವೊಂದು ಕೆಟ್ಟು, ಬೇರೊಂದು ಲೋಕದ ಜೀವಿಗಳು ಒಳನುಗ್ಗುತ್ತವೆ. ಒಬ್ಬ ವಿಜ್ಞಾನಿ ಬದುಕಿ ಹೊರಬರಲು ಹೆಣಗುತ್ತಾನೆ. ೨೦೦೪ರಲ್ಲಿ ಆ ಸಂಸ್ಥೆಯೇ ಹಳೆಯ ಆಟವನ್ನು ತನ್ನ ಹೊಸ ತಂತ್ರಾಂಶಕ್ಕೆ ಹೆಚ್ಚು ಬದಲಾವಣೆಯಿಲ್ಲದೆ ಇಳಿಸಿತು. ಅದು ಪ್ರತಿಬಿಂಬ; ರಸಿಕರಿಗೆ ತೃಪ್ತಿಯಾಗಲಿಲ್ಲ. ಆಗ ಅಭಿಮಾನಿಗಳೇ ಒಟ್ಟುಗೂಡಿ ‘ಬ್ಲ್ಯಾಕ್ ಮೇಸಾ’ ಎಂಬ ಹೆಸರಿನಲ್ಲಿ ಅದನ್ನು ಬುಡದಿಂದ ಕಟ್ಟತೊಡಗಿದರು. ೨೦೧೨ರಲ್ಲಿ ಅದನ್ನು ಉಚಿತವಾಗಿ ಹಂಚಿದಾಗ ಕೊನೆಯ ‘ಝೆನ್’ ಎಂಬ ಪರಲೋಕದ ಅಧ್ಯಾಯಗಳನ್ನು ಕೈಬಿಟ್ಟಿದ್ದರು. ಮೂಲದಲ್ಲೇ ಆ ಭಾಗ ಸಪ್ಪೆಯೆಂದು ಆಡುವವರ ಅಭಿಪ್ರಾಯವಾಗಿತ್ತು. ಅದನ್ನು ಇದ್ದಂತೆಯೇ ನಕಲು ಮಾಡಲು ಅವರ ಮನಸ್ಸು ಒಪ್ಪಲಿಲ್ಲ. ಮತ್ತೆ ಎಂಟು ವರ್ಷ ದುಡಿದು, ೨೦೨೦ರಲ್ಲಿ ಪೂರ್ಣಗೊಳಿಸಿದರು. ಬರಿಯ ಬಂಡೆಗಳು ತೇಲುತ್ತಿದ್ದ ಶೂನ್ಯದಲ್ಲಿ ಈಗ ಗಿಡಗಂಟಿಗಳೂ ಬೆಳಕೂ ತುಂಬಿದ ಒಂದು ಲೋಕವಿದೆ.

ಮೂಲದಲ್ಲಿ ಎಲ್ಲಿ ಕೊರತೆಯಿದೆಯೆಂದು ಬರೆದು ತೋರಿಸುವವನು ವಿಮರ್ಶಕ. ಕಟ್ಟಿ ತೋರಿಸುವವನೂ ವಿಮರ್ಶಕನೇ. ಆ ಎಂಟು ವರ್ಷಗಳ ಕೆಲಸವು ಒಂದು ದೀರ್ಘ ವಿಮರ್ಶಾ ಲೇಖನವೆಂದೇ ನನ್ನ ಭಾವನೆ. ದೋಷವಿಲ್ಲವೆಂದಲ್ಲ. ಝೆನ್‌ನಲ್ಲಿ ಬರುವ ಕಾರ್ಖಾನೆಯ ಭಾಗ ಅತಿಯಾಗಿ ಬೆಳೆದಿದೆ; ಮೂಲದ ಕೊರತೆಯನ್ನು ತುಂಬುವ ಉತ್ಸಾಹದಲ್ಲಿ ಪ್ರಮಾಣಪ್ರಜ್ಞೆ ತಪ್ಪಿದೆ. ಆದರೂ ಇದು ಪ್ರತಿಬಿಂಬವಲ್ಲ, ತುಲ್ಯದೇಹಿ. ಪ್ರತಿಬಿಂಬ ಮಾಡಿದವರು ಒಡೆಯರು. ಜೀವ ತುಂಬಿದವರು ಅಭಿಮಾನಿಗಳು.

ಎರಡನೆಯ ಉದಾಹರಣೆ ಇದಕ್ಕಿಂತ ಗಹನವಾದುದು. ಅದನ್ನು ತಿಳಿಯಲು ನಮ್ಮ ಸಾಹಿತ್ಯದ ಒಂದು ಸಂಗತಿಯನ್ನು ನೆನೆಯಬೇಕು. ಕುಮಾರವ್ಯಾಸನು ಮಹಾಭಾರತದ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದ. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಅದೇ ಭಾಮಿನೀ ಷಟ್ಪದಿಯಲ್ಲಿ ಪೂರೈಸಿದ. ಇಲ್ಲಿ ಇರುವುದು ಹೋಲಿಕೆಯಲ್ಲ, ಮುಂದುವರಿಕೆ. ಬಿಟ್ಟುಹೋದ ನೆಲವನ್ನು ಅದೇ ಛಂದಸ್ಸಿನಲ್ಲಿ ಉಳುವ ಸಾಹಸ.

೨೦೦೨ರಲ್ಲಿ ಬೆಥೆಸ್ಡಾ ಸಂಸ್ಥೆಯಿಂದ ಬಂದ ‘ಮಾರೊವಿಂಡ್’ ಆಟವು ಆ ಹೆಸರಿನ ಒಂದು ನಾಡಿನ ಕಥೆಯಾದರೂ, ಅದರ ಭೂಮಿ ಮುಖ್ಯವಾಗಿ ವಾರ್ಡನ್‌ಫೆಲ್ ಎಂಬ ದ್ವೀಪಕ್ಕೆ ಸೀಮಿತ. ಬೂದಿಯುಗುಳುವ ಬೆಟ್ಟ, ಮನೆಗಾತ್ರದ ಅಣಬೆಗಳು, ಊರಿಂದೂರಿಗೆ ಜನರನ್ನು ಹೊತ್ತೊಯ್ಯುವ ದೈತ್ಯಕೀಟ ಇವೆಲ್ಲ ಅಲ್ಲಿವೆ. ಅಲ್ಲಿ ಗುರಿಯನ್ನು ತೋರುವ ಬಾಣವಿಲ್ಲ. ‘ಸೇತುವೆ ದಾಟಿ, ಕವಲಿನಲ್ಲಿ ಎಡಕ್ಕೆ’ ಎಂದು ಜನ ಹೇಳಿದ್ದನ್ನು ನೆನಪಿಟ್ಟು ನಡೆಯಬೇಕು. ದ್ವೀಪದಾಚೆಯ ನೆಲ, ಅಲ್ಲಿನ ಇಂಡೊರಿಲ್ ಮತ್ತು ಡ್ರೆಸ್ ಮನೆತನಗಳು ಬಹುಪಾಲು ಮಾತಿನಲ್ಲಿ ಮಾತ್ರ ಬರುತ್ತವೆ. ಈ ಬಿಟ್ಟುಹೋದ ನೆಲವನ್ನು ಕಟ್ಟುವ ಕೆಲಸವೇ ‘ಟ್ಯಾಮ್ರಿಯಲ್ ರೀಬಿಲ್ಟ್’. ಆಟ ಹೊರಬರುವ ಮೊದಲೇ, ೨೦೦೧ರಲ್ಲಿ, ಅದರ ಸಂಕಲ್ಪವಾಯಿತು. ಆಟದೊಂದಿಗೆ ಕಂಪನಿಯೇ ಕೊಟ್ಟ ರಚನಾ ಸಾಧನದಿಂದಲೇ ಕಟ್ಟುತ್ತಿರುವರು, ಛಂದಸ್ಸು ಬದಲಾಗಿಲ್ಲ. ಮೊದಲು ಇಡೀ ಖಂಡವನ್ನೇ ಕಟ್ಟುವ ಆಸೆಯಿತ್ತು. ಅನುಭವ ಕಲಿಸಿದ ಮೇಲೆ ಈ ಒಂದು ನಾಡಿಗೆ ಮಿತಿಗೊಳಿಸಿಕೊಂಡರು. ಭಾಗಭಾಗವಾಗಿ ಉಚಿತವಾಗಿ ಹೊರತರುತ್ತಿರುವರು, ಇನ್ನೂ ಮುಗಿದಿಲ್ಲ.

ಅವರ ಕಾರ್ಯಕ್ರಮ ಅಧ್ಯಾಪಕರು ಗಮನಿಸತಕ್ಕದ್ದು. ಹೊಸದಾಗಿ ಸೇರುವವನು ಮೊದಲು ಒಂದು ಮಾದರಿ ಕೆಲಸ ಮಾಡಿ ತೋರಿಸಬೇಕು. ಒಬ್ಬನು ಒಂದು ಮನೆಯ ಒಳಾಂಗಣವನ್ನು ವಹಿಸಿಕೊಂಡು ಮುಗಿಸಿದರೆ, ಇನ್ನೊಬ್ಬನು ಅದನ್ನು ತಿದ್ದುತ್ತಾನೆ. ಹೊಸ ಊರಿನಲ್ಲಿ ನಡೆಯುವಾಗಲೂ ದಾರಿಯನ್ನು ಕೇಳಿಯೇ ತಿಳಿಯಬೇಕು. ಮೂಲದ ಪ್ರಾಣ ಎಲ್ಲಿದೆಯೆಂದು ಇವರು ಬಲ್ಲರು. ಅದು ಅಣಬೆಯಲ್ಲಿಲ್ಲ, ಕೇಳಿ ನಡೆಯುವುದರಲ್ಲಿದೆ. ಒಂದು ಆಕ್ಷೇಪವನ್ನು ಮಾತ್ರ ಹೇಳಬೇಕು. ನೆಲ ಹಿಗ್ಗಿದಷ್ಟೂ ಕಥೆ ತೆಳುವಾಗುವ ಭಯವಿದೆ; ಮೂಲದ ದ್ವೀಪಕ್ಕಿದ್ದ ಬಿಗುವು ಈ ವಿಸ್ತಾರಕ್ಕೆ ಎಲ್ಲೆಡೆಯೂ ಇಲ್ಲ. ವಿಸ್ತಾರವೇ ಗುಣವಲ್ಲ.

ಅನುಸೃಷ್ಟಿಗೆ ಇನ್ನೊಂದು ಕಂಟಕವುಂಟು, ಅದು ಒಡೆತನ. ನಿಂಟೆಂಡೊ ಸಂಸ್ಥೆಯ ೧೯೯೧ರ ಆಟವೊಂದನ್ನು ಅರ್ಜೆಂಟೀನಾದ ಮಿಲ್ಟನ್ ಗುವಾಸ್ತಿ ಎಂಬಾತ ವರ್ಷಗಟ್ಟಲೆ ದುಡಿದು ಮತ್ತೆ ಕಟ್ಟಿ ೨೦೧೬ರ ಆಗಸ್ಟಿನಲ್ಲಿ ಉಚಿತವಾಗಿ ಹಂಚಿದ. ಹಂಚಿದ ಬೆನ್ನಿಗೇ ಕಂಪನಿ ಹಕ್ಕಿನ ನೋಟೀಸು ಕಳುಹಿಸಿತು. ಮರುವರ್ಷ ತಾನೇ ಅದರ ಹೊಸ ರೂಪವನ್ನು ಮಾರಿತು. ಇದಕ್ಕೆ ಪ್ರತಿಯಾಗಿ, ವಾಲ್ವ್ ಸಂಸ್ಥೆಯು ‘ಬ್ಲ್ಯಾಕ್ ಮೇಸಾ’ವನ್ನು ಮಾರಲು ಅಭಿಮಾನಿಗಳಿಗೆ ಒಪ್ಪಿಗೆಯನ್ನೇ ಕೊಟ್ಟಿತು. ಕಾನೂನಿನಲ್ಲಿ ಎರಡೂ ಸರಿಯಿರಬಹುದು. ಉದಾರತೆಯಲ್ಲಿ ಒಂದೇ ಅಲ್ಲ. ಪರರ ನೆಲದಲ್ಲಿ ಮನೆ ಕಟ್ಟುವವನು ಈ ಅಂಜಿಕೆಯಲ್ಲೇ ಕಟ್ಟಬೇಕು.

ಈಗ ನಮ್ಮ ಮಾತು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಜಹೀರಾಬಾದ್ ತಾಲ್ಲೂಕಿನ ಬಹುಭಾಗವೂ ನಾರಾಯಣಖೇಡವೂ, ಗುಲ್ಬರ್ಗ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು, ೨೦೧೪ರಿಂದ ತೆಲಂಗಾಣದಲ್ಲಿವೆ. ಗೆರೆಯನ್ನು ದೂರುವುದು ನನ್ನ ಉದ್ದೇಶವಲ್ಲ. ತೆಲುಗು ನಮಗೆ ಅನ್ನ ಕೊಟ್ಟ ನೆರೆಯ ಭಾಷೆ. ಆದರೆ ಕನ್ನಡದ ನಕ್ಷೆಯಲ್ಲಿ ನಾವು ದ್ವೀಪದಾಚೆಯ ನೆಲವೆಂಬುದು ದಿಟ. ಹೆಸರು ಕೇಳಿಬರುತ್ತದೆ, ಊರು ಕಾಣುವುದಿಲ್ಲ. ನನ್ನ ಶಾಲೆಯ ಕನ್ನಡ ತರಗತಿಯ ಹಾಜರಿ ಪುಸ್ತಕದಲ್ಲಿ ಸಾಲುಗಳು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿವೆ. ಯಾರಾದರೂ ಬಂದು ಈ ನೆಲವನ್ನು ಕಟ್ಟಿಕೊಡುವರೆಂದು ನಾವು ಬಹಳ ಕಾಲ ಕಾದೆವು. ಟ್ಯಾಮ್ರಿಯಲ್ ಕಟ್ಟುವವರು ಕಾಯಲಿಲ್ಲ.

ರಜೆ ಮುಗಿಸಿ ಬಂದ ವಾರ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ಪ್ರಬಂಧ ಕೊಟ್ಟೆ: ‘ಬಸ್ ನಿಲ್ದಾಣದಿಂದ ನಿನ್ನ ಮನೆಗೆ, ನಕ್ಷೆಯಿಲ್ಲದವನಿಗೆ, ದಾರಿ ಹೇಳು.’ ಎಂದೂ ಅರ್ಧ ಪುಟ ದಾಟದವರು ಎರಡು ಪುಟ ಬರೆದರು. ಪಠ್ಯಪುಸ್ತಕದಲ್ಲಿ ಕಾಣದ ಅಗಸಿ, ಕಂಟಿ, ಹಳ್ಳಗಳು ಅವುಗಳಲ್ಲಿ ತಾವಾಗಿಯೇ ಬಂದವು. ಒಬ್ಬರ ದಾರಿಯನ್ನು ಇನ್ನೊಬ್ಬರು ತಿದ್ದಿದರು. ಬಸ್ಸಿಗೆ ಬಣ್ಣ ಬಳಿದ ಹುಡುಗ ತನ್ನೂರಿನ ದಾರಿಯಲ್ಲಿ ಎಲ್ಲ ಮೈಲಿಗಲ್ಲುಗಳನ್ನೂ ಹೆಸರಿಸಿ, ಕೊನೆಗೆ ‘ಗೊತ್ತಾಗದಿದ್ದರೆ ಯಾರನ್ನಾದರೂ ಕೇಳಿರಿ, ಕನ್ನಡದಾಗ ಕೇಳಿದರೂ ಹೇಳ್ತಾರ’ ಎಂದು ಸೇರಿಸಿದ್ದ. ಅದನ್ನು ಕೆಂಪು ಶಾಯಿಯಿಂದ ತಿದ್ದಲಿಲ್ಲ.

ಅಭಿಮಾನಿಯ ಅನುಸೃಷ್ಟಿ ಕಳ್ಳತನವೂ ಅಲ್ಲ, ಕಾಲಹರಣವೂ ಅಲ್ಲ. ಅದು ಅತ್ಯಂತ ಶ್ರಮದ ಓದು. ಗಡಿಯ ಮೂರು ಊರುಗಳ ಅಧ್ಯಾಪಕ ಬಂಧುಗಳು ಈ ಪ್ರಬಂಧವನ್ನು ತಮ್ಮ ತರಗತಿಗಳಲ್ಲೂ ಕೊಟ್ಟು ನೋಡಬೇಕೆಂದು ವಿನಂತಿಸಿಕೊಳ್ಳುತ್ತೇನೆ. ಹಾಳೆಗಳನ್ನು ಒಟ್ಟುಗೂಡಿಸಿದರೆ, ಬಿಟ್ಟುಹೋದ ನೆಲದ ಮೊದಲ ಭಾಗ ಸಿದ್ಧವಾದೀತು.