ಗುಮಟಾಪುರದ ದನಿ, ಪುಸ್ತಕದ ಬಾಯಿ: ಅನಿಮೇಷನ್ನಿನಲ್ಲಿ ಧ್ವನಿ ಹೊಂದಾಣಿಕೆ

ಆಡುಮಾತಿನ ಪಠ್ಯ ಚಿತ್ರವಾಗುವಾಗ ಏನಾಗುತ್ತೆ ಅನ್ನೋದನ್ನ ಒಂದೇ ಉದಾಹರಣೆ ಇಟ್ಕೊಂಡು ನೋಡ್ತೀನಿ. ಗೆಳೆಯರ ಗುಂಪೊಂದು ಗೊರೆಹಬ್ಬದ ಮೇಲೆ ಮಾಡುತ್ತಿರುವ ಎರಡು ನಿಮಿಷದ ಅನಿಮೇಷನ್ನಿನ ಕರಡು ಅದು. ಇಲ್ಲಿ ಸ್ಕ್ರೀನ್ ಷೇರ್ ಮಾಡೋದಿಲ್ಲ. ಇಂಟರ್ನೆಟ್ಟು ತನ್ನದೊಂದು ವಿಳಂಬ ಸೇರಿಸಿಬಿಡುತ್ತೆ.

ಗುಮಟಾಪುರ ತಾಳವಾಡಿ ಬೆಟ್ಟಸೀಮೆಯ ಊರು. ಆಡಳಿತಕ್ಕೆ ತಮಿಳುನಾಡಿನ ಈರೋಡ್ ಜಿಲ್ಲೆ, ಆಡುಮಾತು ಕನ್ನಡ. ದೀಪಾವಳಿಯ ಬೆನ್ನಿಗೇ ಇಲ್ಲಿ ಸಗಣಿ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ಅದಕ್ಕೂ ಮೊದಲು ಹುಲ್ಲಿನ ಗಡ್ಡಮೀಸೆ ಕಟ್ಟಿದ ಚಾಡಿಕೋರನನ್ನು ಕತ್ತೆಯ ಮೇಲೆ ಮೆರೆಸುತ್ತಾರೆ. ಕರಡಿನಲ್ಲಿ ಊರಿನ ಅಜ್ಜರೊಬ್ಬರ ದನಿ "ಚಾಡಿಕೋರ ಬತ್ತಾವ್ನೆ" ಅನ್ನುತ್ತೆ. ಚಿತ್ರದಲ್ಲಿರುವ ಅಜ್ಜನ ಬಾಯಿ ಮಾತ್ರ ಆ ದನಿಗೆ ಕೂಡೋದಿಲ್ಲ.

ಗುಂಪಿನ ಮೊದಲ ಅನುಮಾನ ಯಂತ್ರದ ಮೇಲೆ. ಅದು ಸಹಜ. ಸೆಕೆಂಡಿಗೆ 24 ಚಿತ್ರ ಬೇಕಾದ ಕಡೆ ಕಂಪ್ಯೂಟರು 15ನ್ನೇ ತೋರಿಸಿದರೆ ದನಿ ಮುಂದೆ ಓಡುತ್ತೆ, ಚಿತ್ರ ಹಿಂದೆ ಬೀಳುತ್ತೆ. ಬ್ಲೆಂಡರ್‌ನಲ್ಲಿ 'ಸಿಂಕ್ ಟು ಆಡಿಯೋ' ಆರಿಸಿದರೆ ಅದು ಕೆಲವು ಚಿತ್ರಗಳನ್ನು ಬಿಟ್ಟು ದನಿಯ ಜೊತೆ ಹೆಜ್ಜೆ ಹಾಕುತ್ತೆ. ಆದರೆ ಇದು ಪ್ಲೇಬ್ಯಾಕಿನ ಮಾತು. ರೆಂಡರ್ ಮಾಡಿದ ಫೈಲಿನಲ್ಲಿ ಎಲ್ಲ ಸರಿಯಿದ್ದರೆ ದನಿಯನ್ನು ಮುಟ್ಟಬೇಕಾಗಿಲ್ಲ. ಅಲ್ಲೂ ಅಂತರ ಬೆಳೀತಾ ಹೋದರೆ ಫ್ರೇಮ್ ರೇಟ್ ನೋಡಬೇಕು: 25ರ ಲೆಕ್ಕದಲ್ಲಿ ಮಾಡಿದ ಒಂದು ನಿಮಿಷದ 1500 ಚಿತ್ರಗಳನ್ನು 24ರಲ್ಲಿ ಓಡಿಸಿದರೆ 62.5 ಸೆಕೆಂಡ್ ಆಗುತ್ತೆ. ಅಂತರ ಉದ್ದಕ್ಕೂ ಒಂದೇ ಇದ್ದರೆ ದನಿಯ ತುಣುಕನ್ನು ಅಷ್ಟೇ ಸರಿಸಿದರೆ ಸಾಕು. ಬ್ಲೂಟೂತ್ ಹೆಡ್‌ಫೋನಿನ ವಿಳಂಬವನ್ನೂ ಮರೆಯಬಾರದು.

ಈ ಕರಡಿನ ಫೈಲಿನಲ್ಲಿ ಉಂಡೆ ಬೆನ್ನಿಗೆ ಬಡಿಯುವ 'ಧಪ್' ಮೊದಲಿಂದ ಕೊನೇವರೆಗೂ ಅದೇ ಚಿತ್ರದ ಮೇಲೆ ಕೂರುತ್ತೆ. ತಪ್ಪೋದು ಬಾಯಿ ಮಾತ್ರ. ಅಂದಮೇಲೆ ತೊಡಕು ಯಂತ್ರದ್ದಲ್ಲ, ಪಠ್ಯದ್ದು.

ಬಾಯಿಯ ಆಕಾರಗಳನ್ನು ಬರೆದದ್ದು ಅಚ್ಚು ಮಾಡಿದ ಸ್ಕ್ರಿಪ್ಟ್ ನೋಡಿ. ಅದರಲ್ಲಿರೋದು 'ಬರುತ್ತಿದ್ದಾನೆ': ಐದು ಅಕ್ಷರ, ತುಟಿ ಕೂಡೋದು ಮೊದಲ 'ಬ'ಕ್ಕೆ ಮಾತ್ರ. ಅಜ್ಜ ಆಡಿದ್ದು 'ಬತ್ತಾವ್ನೆ': ಮೂರೇ ಅಕ್ಷರ, ನಡುವೆ 'ವ'ಕಾರಕ್ಕೆ ಕೆಳತುಟಿ ಮತ್ತೆ ಮೇಲೇಳಬೇಕು. ಹಾಗಾಗಿ ದನಿ ನಿಂತ ಮೇಲೂ ಬಾಯಿ ಆಡುತ್ತಾ ಇರುತ್ತೆ. ಕಾಣೋದು ಶಿಷ್ಟ ಕನ್ನಡ, ಕೇಳೋದು ಗುಮಟಾಪುರದ ಕನ್ನಡ.

ಗುಂಪಿನ ಮುಂದೆ ಎರಡು ಸುಲಭದ ದಾರಿ ಇದೆ: ದನಿಯನ್ನು ಎಳೆದು ಉದ್ದ ಮಾಡೋದು, ಇಲ್ಲಾ ಬೇರೆಯವರಿಂದ ಶಿಷ್ಟ ಕನ್ನಡದಲ್ಲಿ ಮತ್ತೆ ಹೇಳಿಸೋದು. ಎರಡನ್ನೂ ನಾನು ಒಪ್ಪೋದಿಲ್ಲ. ಎಳೆದರೆ ಚಾಡಿಕೋರನನ್ನು ಗೇಲಿ ಮಾಡುವ ಆ ಚುರುಕು ಹೋಗುತ್ತೆ. ಮತ್ತೆ ಹೇಳಿಸಿದರೆ ಊರೇ ಹೋಗುತ್ತೆ. ತೊಗಲುಗೊಂಬೆ ಆಡಿಸುವವರು ತಾವೇ ಮಾತಾಡುತ್ತಾ ಗೊಂಬೆಯನ್ನು ಕುಣಿಸುತ್ತಾರೆ. ಅಲ್ಲಿ ಮಾತು ನಡೆದ ಹಾಗೆ ಕೈ ನಡೆಯುತ್ತೆ. ಇಲ್ಲೂ ಅದೇ ಕ್ರಮ ಇರಲಿ. ಮೊದಲು ದನಿಯನ್ನು ಕೇಳಿದ ಹಾಗೇ ಬರೆದುಕೊಂಡು, ಆಮೇಲೆ ಬಾಯಿ ಬರೆಯಬೇಕು. ದೂರದ ನೋಡುಗರಿಗೆ ಅರ್ಥವಾಗದಿದ್ದರೆ ಕೆಳಗೆ ಸಬ್‌ಟೈಟಲ್ ಹಾಕಬಹುದು.

ಜನಪದ ಸಂಪಾದನೆಯಲ್ಲಿ ಹಾಡುಗಾರರ ಮಾತನ್ನು ತಿದ್ದೋದು ಎಷ್ಟು ಸರಿ ಅಂತ ನಾವು ತರಗತಿಯಲ್ಲಿ ಚರ್ಚೆ ಮಾಡ್ತೀವಿ. ಅನಿಮೇಷನ್ನಿನ ಟೈಮ್‌ಲೈನೂ ಅಂಥದ್ದೇ ಒಂದು ಸಂಪಾದನೆ. ಅಲ್ಲಿ ಅಜ್ಜನ ದನಿಯೇ ಮೂಲಪ್ರತಿ, ತಿದ್ದಬೇಕಾದ್ದು ಚಿತ್ರವನ್ನು.