ಛತ್ರದವನನ್ನು ಮರೆತ ಓದು

ಜಗದ್ಗುರು ಎರಡನೇ ಜಾನ್ ಪೌಲರು 1984ರ ಫೆಬ್ರವರಿ 11ರಂದು ಹೊರಡಿಸಿದ ‘ಸಾಲ್ವಿಫಿಚಿ ದೊಲೋರಿಸ್’ ಪ್ರೇಷಿತ ಪತ್ರವನ್ನು ಯಾತನೆಯ ದೈವಶಾಸ್ತ್ರದ ಮೂಲಪಾಠವೆಂದು ನಾವು ಬೋಧಿಸುತ್ತ ಬಂದಿದ್ದೇವೆ. ಕ್ರಿಸ್ತರ ಶಿಲುಬೆಯಲ್ಲಿ ಪಾಲುಗೊಂಡ ಯಾತನೆ ವ್ಯರ್ಥವಲ್ಲ ಎಂಬ ಅದರ ನಿಲುವು ಕ್ಯಾನ್ಸರ್ ಪೀಡಿತರಿಗೆ ಆಸರೆಯಾದುದನ್ನೂ ಕಂಡಿದ್ದೇವೆ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮನೆಗಳಲ್ಲಿ ನಿಂತು ಓದಿದರೆ ನಮ್ಮ ಬೋಧನೆಯ ಕೊರತೆಯೊಂದು ಗೋಚರಿಸುತ್ತದೆ.

ಈ ಭಾಗದ ರೋಗಿಗೆ ಕಲಬುರಗಿಯ ಕಿದ್ವಾಯಿ ಕೇಂದ್ರದಲ್ಲಿ ಚಿಕಿತ್ಸೆ. ಅಲ್ಲಿ ಆಗದಿದ್ದರೆ ಐನೂರು ಕಿಲೋಮೀಟರಿಗೂ ಮಿಕ್ಕ ದೂರದ ಬೆಂಗಳೂರು ಅಥವಾ ನೆರೆರಾಜ್ಯದ ಹೈದರಾಬಾದು. ಜೊತೆಗೆ ಹೋಗುವವರು ಕಲ್ಲುಗಣಿಯ ಕೂಲಿಯನ್ನೋ ತೊಗರಿಯ ರಾಶಿಯನ್ನೋ ಬಿಟ್ಟು ಹೊರಡಬೇಕು. ರೋಗ ಒಬ್ಬರದು, ನಿಂತುಹೋಗುವ ಬದುಕು ಇಬ್ಬರದು.

ರೋಗಿಯ ವಿಶ್ವಾಸ ದೃಢವಾಗಿದ್ದರೆ ಮನೆಯವರಿಗೂ ನೆಮ್ಮದಿ ಎಂದು ಪ್ರಬೋಧನೆಗಳಲ್ಲಿ ಹೇಳುತ್ತೇವೆ. ಇದು ಅರ್ಧಸತ್ಯ. ಈ ಭಾಗದ ಮನೆಯೊಂದರಲ್ಲಿ ರೋಗಿ ಶಾಂತಚಿತ್ತರಾಗಿ ಪರಮಪ್ರಸಾದ ಸ್ವೀಕರಿಸಿದರು. ಅವರ ವಿಶ್ವಾಸವನ್ನು ನಾವು ಮೆಚ್ಚಿ ನುಡಿದೆವು. ಬಾಗಿಲವರೆಗೆ ಬಂದ ಪತ್ನಿ, “ಅವರು ಅಳೂದಿಲ್ಲ ಫಾದರ್, ಹಂಗಾಗಿ ನನಗೂ ಅಳಾಕ ಬರೂದಿಲ್ಲ” ಎಂದರು. ರೋಗಿಯ ಶಾಂತಿಯೇ ಆರೈಕೆಯವರ ಬಾಯಿ ಕಟ್ಟಬಲ್ಲದೆಂದು ಅಂದು ಅರಿತೆವು. ಆಕೆ ಊಟ ಮಾಡಿದ್ದಾರೆಯೇ ಎಂದು ಸಹ ನಾವು ಕೇಳಿರಲಿಲ್ಲ.

ಧರ್ಮಸಭೆಯ ಪಠ್ಯಗಳು ಕುಟುಂಬವನ್ನು ಮರೆತಿವೆ ಎನ್ನಲಾಗದು. 1972ರ ರೋಗಿಗಳ ಅಭ್ಯಂಗ ವಿಧಿಯ ಪೀಠಿಕೆ ಮನೆಯವರನ್ನು ಸಾಂತ್ವನ ಸೇವೆಯ ಪಾಲುದಾರರೆನ್ನುತ್ತದೆ. ಆದರೆ ಅಲ್ಲಿ ಅವರು ಪ್ರಧಾನವಾಗಿ ಕೊಡುವವರು. ಉಪಶಮನ ಆರೈಕೆಯನ್ನು ವ್ಯಾಖ್ಯಾನಿಸುವಾಗ ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ರೋಗಿಯನ್ನೂ ಕುಟುಂಬವನ್ನೂ ಒಟ್ಟಿಗೆ ಹೆಸರಿಸಿತು. 2020ರ ‘ಸಮಾರಿತಾನುಸ್ ಬೋನುಸ್’ ಪತ್ರ ಶಿಲುಬೆಯ ಬುಡದಲ್ಲಿ ನಿಂತವರತ್ತ ನಮ್ಮ ಕಣ್ಣು ಹೊರಳಿಸಿತು. ಈ ಎರಡು ಹೆಜ್ಜೆಗಳನ್ನು ನಮ್ಮ ಪಾಲನಾಸೇವೆ ಇನ್ನೂ ಅನುಸರಿಸಬೇಕಾಗಿದೆ.

ಎರಡೂ ಪತ್ರಗಳು ಆಶ್ರಯಿಸುವ ಸಾಮ್ಯ ಒಳ್ಳೆಯ ಸಮಾರಿಯನದು. ಗುರುಗಳಾದ ನಾವು ಅದರಲ್ಲಿ ಸಮಾರಿಯನ ಸ್ಥಾನದಲ್ಲಿ ನಿಲ್ಲಬಯಸುತ್ತೇವೆ. ಆದರೆ ಆತ ಮರುದಿನ ಹೊರಟುಹೋದನು (ಲೂಕ 10:35). ಅನಂತರದ ರಾತ್ರಿಗಳಲ್ಲಿ ಗಾಯಾಳುವಿನ ಬಳಿ ಉಳಿದವನು ಛತ್ರದವನು. ಅವನಿಗೆ ಎರಡು ನಾಣ್ಯ ದೊರೆತವು, ಮನೆಯವರಾದರೋ ಪ್ರೀತಿಯಿಂದ ಸೇವೆ ಮಾಡುತ್ತಾರೆ, ಹೋಲಿಕೆ ಸಲ್ಲದು ಎಂಬ ಆಕ್ಷೇಪವುಂಟು. ಪ್ರೀತಿಯೂ ದಣಿಯುತ್ತದೆ ಎಂಬುದೇ ನಮ್ಮ ಉತ್ತರ. ಸಮಾರಿಯನು ಹಣದ ಜೊತೆಗೆ ಮರಳಿ ಬರುವ ಮಾತನ್ನೂ ಕೊಟ್ಟಿದ್ದನು. ಆ ಮಾತನ್ನು ಉಳಿಸಿಕೊಳ್ಳುವ ಹೊಣೆ ಈಗ ಧರ್ಮಕೇಂದ್ರದ್ದು.

ಆದುದರಿಂದ ಗುರುವಿದ್ಯಾರ್ಥಿಗಳಿಗೆ ನಮ್ಮ ವಿನಂತಿ: ಅಭ್ಯಂಗ ಮುಗಿದ ಬಳಿಕ ತೈಲವನ್ನು ಚೀಲಕ್ಕಿಟ್ಟು ಕೂಡಲೇ ಏಳಬೇಡಿ. ಆರೈಕೆ ಮಾಡುವವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ಸಿಟ್ಟನ್ನೂ ದೇವರ ಮೇಲಿನ ದೂರನ್ನೂ ತಿದ್ದದೆ ಆಲಿಸಿ. ಕೀರ್ತನೆಗಳಲ್ಲಿ ದೂರಿಗೂ ಪ್ರಾರ್ಥನೆಯ ಸ್ಥಾನವಿದೆ. ಒಂದು ರಾತ್ರಿ ಅವರು ನಿದ್ರಿಸುವಂತೆ ರೋಗಿಯ ಬಳಿ ಕೂರುವವರೊಬ್ಬರನ್ನು ಧರ್ಮಕೇಂದ್ರದಿಂದ ಕಳುಹಿಸಿ. ಅದನ್ನೂ ಸಮಾರಿಯನು ಮರಳಿ ಬಂದಂತೆಯೇ ಎಂದು ನಾವು ಭಾವಿಸುತ್ತೇವೆ.